ಸಾಸ್ಕ್ವಾಚ್‌ಗೆ ಈಜು ಬರುತ್ತದೆಯೇ? ಪದೇ ಪದೇ ಕೇಳುವ ಪ್ರಶ್ನೆಗಳು

ಉತ್ತರ ಅಮೆರಿಕದ ಪಶ್ಚಿಮ ಕರಾವಳಿಯ ಕಾಡುಗಳಲ್ಲಿ ಓಡಾಡುತ್ತದೆಂದು ಹೇಳಲಾಗುವ ದೈತ್ಯ ವಾನರದ ಮಾತು ಬಂದಾಗಲೆಲ್ಲ ಯಾರಾದರೊಬ್ಬರು ನೀರಿನ ವಿಷಯಕ್ಕೆ ಬಂದೇ ಬರುತ್ತಾರೆ. ಮಾತುಕತೆಯಲ್ಲಿ, ಪತ್ರಗಳಲ್ಲಿ ಮತ್ತೆ ಮತ್ತೆ ಎದುರಾದ ಪ್ರಶ್ನೆಗಳನ್ನು ಕೇಳಿದವರ ಮಾತಿನಲ್ಲೇ ಉಳಿಸಿಕೊಂಡು, ಸರಳವಾದವುಗಳಿಂದ ತೊಡಕಿನವುಗಳ ಕಡೆಗೆ ಇಲ್ಲಿ ಜೋಡಿಸಿದ್ದೇನೆ.

## ಮೊದಲು ಬರುವ ಪ್ರಶ್ನೆಗಳು

ಸಾಸ್ಕ್ವಾಚ್, ಬಿಗ್‌ಫೂಟ್ ಎರಡೂ ಒಂದೇನಾ?

ಹೌದು, ಒಂದೇ ಪ್ರಾಣಿಯ ಎರಡು ಹೆಸರುಗಳು. ಕೆನಡಾದ ಬ್ರಿಟಿಷ್ ಕೊಲಂಬಿಯಾದಲ್ಲಿ ಶಿಕ್ಷಕರಾಗಿದ್ದ ಜೆ. ಡಬ್ಲ್ಯೂ. ಬರ್ನ್ಸ್ ಎಂಬವರು, ಅಲ್ಲಿನ ಮೂಲನಿವಾಸಿಗಳ ಹಾಲ್ಕೊಮೆಲೆಮ್ ಭಾಷೆಯ ಪದವೊಂದನ್ನು ಇಂಗ್ಲಿಷ್ ನಾಲಿಗೆಗೆ ಒಗ್ಗುವಂತೆ ತಿದ್ದಿ, 1929ರಲ್ಲಿ ಪತ್ರಿಕಾ ಲೇಖನವೊಂದರ ಮೂಲಕ ‘ಸಾಸ್ಕ್ವಾಚ್’ ಎಂಬ ಹೆಸರನ್ನು ಹರಡಿದರು. ‘ಬಿಗ್‌ಫೂಟ್’ ಎಂಬುದು 1958ರಲ್ಲಿ ಉತ್ತರ ಕ್ಯಾಲಿಫೋರ್ನಿಯಾದ ಬ್ಲಫ್ ಕ್ರೀಕ್ ಬಳಿ ರಸ್ತೆ ಕೆಲಸದವರಿಗೆ ಭಾರಿ ಹೆಜ್ಜೆಗುರುತುಗಳು ಕಂಡಾಗ ಪತ್ರಿಕೆಗಳಿಂದ ಬಂದ ಹೆಸರು. ಆ ಕೆಲಸದ ಗುತ್ತಿಗೆದಾರ ರೇ ವಾಲೇಸ್ 2002ರಲ್ಲಿ ತೀರಿಕೊಂಡ ಮೇಲೆ, ಹೆಜ್ಜೆ ಮೂಡಿಸಲು ಬಳಸಿದ್ದೆಂದು ಹೇಳಿ ಮರದ ಪಾದಗಳನ್ನು ಅವರ ಮನೆಯವರೇ ಹೊರತೆಗೆದು ತೋರಿಸಿದರು. ಹೆಸರು ಮಾತ್ರ ಉಳಿದುಕೊಂಡಿತು.

ಇದೆಯೋ ಇಲ್ಲವೋ ಗೊತ್ತಿಲ್ಲದ ಪ್ರಾಣಿಗೆ ಈಜು ಬರುತ್ತದೆಯೇ ಎಂದು ಕೇಳುವುದರಲ್ಲಿ ಅರ್ಥವಿದೆಯೇ?

ಇದೆ ಎಂದೇ ನನ್ನ ಅಭಿಪ್ರಾಯ. ಈ ಪ್ರಾಣಿಯ ಒಂದು ಮೂಳೆಯಾಗಲಿ, ಹಲ್ಲಾಗಲಿ, ಪರೀಕ್ಷೆಗೆ ನಿಂತ ಒಂದು ಕೂದಲಾಗಲಿ ಇದುವರೆಗೆ ಸಿಕ್ಕಿಲ್ಲ. ಅದು ಇದೆ ಎಂದು ನಾನು ನಂಬುವುದೂ ಇಲ್ಲ. ಆದರೆ ಅದು ಕಂಡಿತೆನ್ನುವ ಸ್ಥಳಗಳನ್ನು ನಕ್ಷೆಯಲ್ಲಿ ಗುರುತಿಸುತ್ತ ಹೋದರೆ ನಡುವೆ ಜಲಸಂಧಿಗಳು, ಮಹಾನದಿಗಳು, ದ್ವೀಪಗಳು ಎದುರಾಗುತ್ತವೆ. ಅಂಥ ನಕ್ಷೆ ನಿಜವಾಗಬೇಕಾದರೆ ಪ್ರಾಣಿ ಈಜಲೇಬೇಕು. ಆಗ ಪ್ರಶ್ನೆ ಬರಿಯ ಕಲ್ಪನೆಯಾಗಿ ಉಳಿಯುವುದಿಲ್ಲ. ಮಹಾವಾನರಗಳ ಶರೀರ, ನೀರಿನ ಶೈತ್ಯ, ಪ್ರವಾಹದ ವೇಗ ಇವೆಲ್ಲ ಅಳೆಯಬಹುದಾದ ಸಂಗತಿಗಳು.

ಸುತ್ತಿ ಬಳಸಿ ಬೇಡ, ಒಂದೇ ಮಾತಿನಲ್ಲಿ ಹೇಳಿ: ಬರುತ್ತದೋ ಇಲ್ಲವೋ?

ಅಂಥ ಪ್ರಾಣಿ ಇದ್ದಿದ್ದರೆ, ಕಲಿತರೆ ಈಜಬಲ್ಲ ಶರೀರ ಅದಕ್ಕಿರುತ್ತಿತ್ತು; ಹುಟ್ಟಿನಿಂದಲೇ ಈಜು ಬರುತ್ತಿರಲಿಲ್ಲ.

ಕೋತಿಗಳು ಚೆನ್ನಾಗಿ ಈಜುತ್ತವಲ್ಲ, ಇದಕ್ಕೇನು ಕಷ್ಟ?

ಕೋತಿಗಳನ್ನೂ ಬಾಲವಿಲ್ಲದ ಮಹಾವಾನರಗಳನ್ನೂ ಒಂದೇ ತಕ್ಕಡಿಯಲ್ಲಿ ತೂಗುವುದರಿಂದ ಈ ಗೊಂದಲ ಹುಟ್ಟುತ್ತದೆ. ಬೋರ್ನಿಯೊದ ಉದ್ದಮೂಗಿನ ಕೋತಿ ಮರದ ಮೇಲಿಂದ ಹೊಳೆಗೆ ಹಾರಿ ಆಚೆ ದಡ ಸೇರುತ್ತದೆ. ಅದರ ಕಾಲ್ಬೆರಳುಗಳ ನಡುವೆ ಸ್ವಲ್ಪ ಮಟ್ಟಿಗೆ ಜಾಲಪೊರೆಯೂ ಇದೆ. ಅಮೆರಿಕದ್ದೇ ಒಂದು ಉದಾಹರಣೆ ಇನ್ನೂ ಸ್ವಾರಸ್ಯಕರವಾಗಿದೆ. 1930ರ ದಶಕದಲ್ಲಿ ಫ್ಲಾರಿಡಾದ ಸಿಲ್ವರ್ ಸ್ಪ್ರಿಂಗ್ಸ್‌ನಲ್ಲಿ ಪ್ರವಾಸಿಗರಿಗೆ ದೋಣಿವಿಹಾರ ನಡೆಸುತ್ತಿದ್ದವರೊಬ್ಬರು, ನೋಡಲು ಚೆಂದವಿರುತ್ತದೆಂದು ರೀಸಸ್ ಕೋತಿಗಳನ್ನು ತಂದು ನದಿಯ ನಡುವಿನ ದ್ವೀಪವೊಂದರಲ್ಲಿ ಬಿಟ್ಟರು. ಸುತ್ತ ನೀರಿರುವುದರಿಂದ ಅವು ಅಲ್ಲೇ ಇರುತ್ತವೆಂಬ ಲೆಕ್ಕಾಚಾರ ಅವರದು. ಕೋತಿಗಳು ತಡಮಾಡದೆ ನೀರಿಗಿಳಿದು ದಡ ಸೇರಿದವು. ಅವುಗಳ ಸಂತತಿ ಇಂದಿಗೂ ಅಲ್ಲಿನ ಕಾಡಿನಲ್ಲಿದೆ. ಅದೇ ದ್ವೀಪದಲ್ಲಿ ಚಿಂಪಾಂಜಿಗಳನ್ನು ಬಿಟ್ಟಿದ್ದರೆ ದೋಣಿಯವರ ಲೆಕ್ಕ ಬಹುಶಃ ತಪ್ಪುತ್ತಿರಲಿಲ್ಲ. ಸಾಸ್ಕ್ವಾಚ್‌ನ ವರ್ಣನೆಗಳಲ್ಲಿ ಬಾಲವಿಲ್ಲ, ಎದೆ ಅಗಲ, ತೋಳು ಉದ್ದ, ಮೈ ದೊಡ್ಡದು. ಹಾಗಾಗಿ ಹೋಲಿಸಬೇಕಾದದ್ದು ಕೋತಿಗಳೊಂದಿಗಲ್ಲ, ಗೊರಿಲ್ಲಾ, ಚಿಂಪಾಂಜಿ, ಒರಾಂಗುಟಾನ್ ಮತ್ತು ನಮ್ಮೊಂದಿಗೆ.

## ಶರೀರ ಮತ್ತು ನೀರು

ಮೃಗಾಲಯಗಳಲ್ಲಿ ಚಿಂಪಾಂಜಿಗಳ ಸುತ್ತ ನೀರಿನ ಕಂದಕ ಇರುತ್ತದೆ. ಅಂದರೆ ಮಹಾವಾನರಗಳಿಗೆ ಈಜಲು ಆಗುವುದೇ ಇಲ್ಲ ಅಂತ ಅಲ್ವಾ?

ಕಂದಕದ ಮಾತು ನಿಜ. ಹಲವು ಮೃಗಾಲಯಗಳು ಬೇಲಿಗೆ ಬದಲಾಗಿ ನೀರನ್ನೇ ನಂಬಿವೆ, ಅದರಲ್ಲಿ ಬಿದ್ದು ಸತ್ತ ಚಿಂಪಾಂಜಿಗಳೂ ಗೊರಿಲ್ಲಾಗಳೂ ಇವೆ. ಪ್ರಕೃತಿಯಲ್ಲೂ ಇದಕ್ಕೆ ಸಮನಾದ ಕಂದಕವಿದೆ. ಕಾಂಗೋ ನದಿಯ ಉತ್ತರಕ್ಕೆ ಚಿಂಪಾಂಜಿ, ದಕ್ಷಿಣಕ್ಕೆ ಬೊನೊಬೊ; ಸುಮಾರು 10ರಿಂದ 20 ಲಕ್ಷ ವರ್ಷಗಳ ಹಿಂದೆ ಬೇರೆಯಾದ ಈ ಎರಡು ಪ್ರಭೇದಗಳನ್ನು ಇಂದಿಗೂ ದೂರವಿರಿಸಿರುವುದು ಆ ನದಿಯೇ.

ಆದರೆ ‘ಈಜುವುದಿಲ್ಲ’ ಎಂಬುದಕ್ಕೂ ‘ಈಜಲಾರವು’ ಎಂಬುದಕ್ಕೂ ಅಂತರವಿದೆ. ಈ ಅಂತರವನ್ನು ಕಣ್ಣಿಗೆ ಕಾಣುವಂತೆ ತೋರಿಸಿದವರು ರೆನಾಟೊ ಬೆಂಡರ್ ಮತ್ತು ನಿಕೋಲ್ ಬೆಂಡರ್ ಎಂಬ ಸಂಶೋಧಕರು. ಮನುಷ್ಯರ ಆರೈಕೆಯಲ್ಲಿ ಬೆಳೆದ ಕೂಪರ್ ಎಂಬ ಚಿಂಪಾಂಜಿ ಮತ್ತು ಸುರಿಯಾ ಎಂಬ ಒರಾಂಗುಟಾನ್ ಅಮೆರಿಕದ ಈಜುಕೊಳಗಳಲ್ಲಿ ಈಜುವುದನ್ನು ಚಿತ್ರೀಕರಿಸಿ, 2013ರಲ್ಲಿ ಅವರು ತಮ್ಮ ಅವಲೋಕನವನ್ನು ಪ್ರಕಟಿಸಿದರು. ಕೂಪರ್ ಮುಳುಗಿಹೋಗದಿರಲೆಂದು ಕೊಳದ ಆಳದ ಭಾಗದ ಮೇಲೆ ಎರಡು ಹಗ್ಗಗಳನ್ನು ಅಡ್ಡಲಾಗಿ ಕಟ್ಟಿದ್ದರು. ಹಗ್ಗ ಕಂಡ ಕೆಲವೇ ನಿಮಿಷಗಳಲ್ಲಿ ಕೂಪರ್ ಎರಡು ಮೀಟರ್ ಆಳದ ನೀರಿಗೆ ಧುಮುಕಿ, ತಳದಲ್ಲಿದ್ದ ವಸ್ತುಗಳನ್ನು ಹೆಕ್ಕಿ ತರತೊಡಗಿತು. ನೀರೆಂದರೆ ಹೆದರುವ ಜಾತಿಯೆಂದು ಎಲ್ಲರೂ ಹೇಳುತ್ತಿದ್ದ ಪ್ರಾಣಿ ಅದು. ಸುರಿಯಾ ಯಾವ ಆಸರೆಯೂ ಇಲ್ಲದೆ 12 ಮೀಟರ್‌ವರೆಗೆ ಈಜಿತು.

ಇವು ಈಜಿದ ರೀತಿಯಲ್ಲೇ ಮುಖ್ಯವಾದ ಸೂಚನೆಯಿದೆ. ನೆಲದ ಮೇಲಿನ ಬಹುಪಾಲು ಸಸ್ತನಿಗಳು ನೀರಿಗೆ ಬಿದ್ದಾಗ ನಾಯಿಯಂತೆ, ನಡೆಯುವ ಚಲನೆಯನ್ನೇ ಮುಂದುವರಿಸುತ್ತ ಕಾಲು ಬಡಿಯುತ್ತವೆ; ಅದನ್ನು ಯಾರೂ ಕಲಿಸಬೇಕಿಲ್ಲ. ಕೂಪರ್ ಮತ್ತು ಸುರಿಯಾ ಹಾಗೆ ಮಾಡದೆ, ಕಪ್ಪೆ ಈಜಿನಂತೆ ಕಾಲುಗಳನ್ನು ಅಗಲಿಸಿ ಒದ್ದವು. ಮಹಾವಾನರಗಳ ಪೂರ್ವಜರು ಬಹುಕಾಲ ಮರಗಳ ಮೇಲೆಯೇ ಬಾಳಿ ನೀರಿನ ಸಹವಾಸ ತಪ್ಪಿದ್ದರಿಂದ ಆ ಸಹಜ ಈಜು ಅಳಿಸಿಹೋಗಿದೆ, ಈಗ ಅವು ಹೊಸದಾಗಿ ಕಲಿಯಬೇಕು ಎಂಬುದು ಬೆಂಡರ್ ಅವರ ವಿವರಣೆ. ಮನುಷ್ಯನ ಮಗುವಿನ ಪಾಡೂ ಅದೇ ಅಲ್ಲವೇ? ಕರುವನ್ನು ಹೊಳೆಗೆ ಬಿಟ್ಟರೆ ಈಜುತ್ತದೆ, ನಾವು ಮಾತ್ರ ಕಲಿಯಬೇಕು.

ಕಾಡಿನಲ್ಲಿರುವ ಗೊರಿಲ್ಲಾ, ಚಿಂಪಾಂಜಿಗಳು ತಾವಾಗಿ ನೀರಿಗೆ ಇಳಿದದ್ದನ್ನು ಯಾರಾದರೂ ನೋಡಿದ್ದಾರಾ?

ನೋಡಿದ್ದಾರೆ. ಸೆನೆಗಲ್‌ನ ಫೊಂಗೊಲಿಯಲ್ಲಿ ಬಿಸಿಲಿನ ಬೇಗೆ ತಾಳಲಾರದ ಚಿಂಪಾಂಜಿಗಳು ಮಳೆನೀರಿನ ಹೊಂಡಗಳಲ್ಲಿ ಎದೆಮಟ್ಟ ಕುಳಿತು ತಂಪು ಮಾಡಿಕೊಳ್ಳುತ್ತವೆ. ಇದಕ್ಕಿಂತ ನನಗೆ ಇಷ್ಟವಾದದ್ದು ಕಾಂಗೋ ಗಣರಾಜ್ಯದ ಎಂಬೆಲಿ ಬಾಯ್ ಎಂಬ ಜೌಗು ಬಯಲಿನಲ್ಲಿ ಸಂಶೋಧಕರು 2004ರಲ್ಲಿ ಕಂಡು, ಮರುವರ್ಷ ಪ್ರಕಟಿಸಿದ ದೃಶ್ಯ. ಲಿಯಾ ಎಂಬ ಹೆಣ್ಣು ಗೊರಿಲ್ಲಾ, ಆನೆಗಳ ಓಡಾಟದಿಂದ ಉಂಟಾದ ಕೊಳವೊಂದನ್ನು ದಾಟಲು ಎರಡು ಕಾಲಮೇಲೆ ಇಳಿಯಿತು. ಕೆಲವೇ ಹೆಜ್ಜೆಗೆ ನೀರು ಸೊಂಟದವರೆಗೆ ಬಂದಿತು. ಹಿಂದಿರುಗಿ ಹೋಗಿ, ನೀರಲ್ಲಿ ನೆಟ್ಟಗೆ ನಿಂತಿದ್ದ ಕೊಂಬೆಯೊಂದನ್ನು ಕಿತ್ತು, ಅದನ್ನು ಮುಂದೆ ಚುಚ್ಚಿ ಆಳ ನೋಡುತ್ತ ಹತ್ತು ಮೀಟರಿನಷ್ಟು ನಡೆಯಿತು. ದಡದಲ್ಲಿದ್ದ ಮರಿ ಅಳತೊಡಗಿದ್ದರಿಂದ ವಾಪಸಾಯಿತು. ಹೊಳೆ ದಾಟುವ ಮನುಷ್ಯರು ಕೋಲು ಊರುವುದೂ ಹೀಗೆಯೇ. ಆದರೆ ಗಮನಿಸಿ: ಅದು ಮಾಡಿದ್ದು ಈಜಲ್ಲ, ಈಜುವ ಪ್ರಸಂಗ ಬಾರದಂತೆ ನೋಡಿಕೊಂಡದ್ದು.

ಅಷ್ಟು ಭಾರದ ಮೈ ಕಲ್ಲಿನ ಹಾಗೆ ಮುಳುಗಿಹೋಗಲ್ವಾ?

ಭಾರ ಎಷ್ಟಿದ್ದರೂ ಚಿಂತೆಯಿಲ್ಲ; ಆನೆ ಸಲೀಸಾಗಿ ಈಜುತ್ತದೆ. ಲೆಕ್ಕಕ್ಕೆ ಬರುವುದು ಸಾಂದ್ರತೆ. ಕೊಬ್ಬಿನ ಸಾಂದ್ರತೆ ಲೀಟರಿಗೆ ಸುಮಾರು 0.9 ಕಿಲೋ, ಕೊಬ್ಬಿಲ್ಲದ ಸ್ನಾಯು ಮತ್ತು ಮೂಳೆಗಳ ಒಟ್ಟು ಸಾಂದ್ರತೆ ಸುಮಾರು 1.1. ಕಾಡಿನ ಚಿಂಪಾಂಜಿ, ಬೊನೊಬೊಗಳ ಮೈಯಲ್ಲಿ ಕೊಬ್ಬು ಬಹಳ ಕಡಿಮೆ, ಸ್ನಾಯು ಹೆಚ್ಚು. ಅವು ಮುಳುಗುವುದಕ್ಕೆ ಇದೇ ದೊಡ್ಡ ಕಾರಣ.

ಒಂದು ಒರಟು ಲೆಕ್ಕ ಹಾಕೋಣ. ಸಾಸ್ಕ್ವಾಚ್‌ನ ತೂಕ 300 ಕಿಲೋ, ಕೊಬ್ಬು ನೂರಕ್ಕೆ 5 ಪಾಲು ಎಂದಿಟ್ಟುಕೊಂಡರೆ ಗಾಳಿ ಬಿಟ್ಟು ಅದರ ಮೈಯ ಗಾತ್ರ ಸುಮಾರು 276 ಲೀಟರ್ ಆಗುತ್ತದೆ. ಸಿಹಿನೀರಿನಲ್ಲಿ ತೇಲಲು 300 ಲೀಟರ್ ಬೇಕು. ಅಂದರೆ ಶ್ವಾಸಕೋಶದಲ್ಲಿ 24 ಲೀಟರ್ ಗಾಳಿ ತುಂಬಿಕೊಂಡಿರಬೇಕು. 70 ಕಿಲೋ ತೂಗುವ ಮನುಷ್ಯನ ಶ್ವಾಸಕೋಶ ಹಿಡಿಯುವುದು ಸುಮಾರು 6 ಲೀಟರ್. ಅದೇ ಪ್ರಮಾಣದಲ್ಲಿ ಹಿಗ್ಗಿಸಿದರೆ ನಮ್ಮ ದೈತ್ಯನದು 25ರ ಆಸುಪಾಸು. ಎದೆ ತುಂಬ ಉಸಿರು ಹಿಡಿದಾಗ ಮಾತ್ರ, ಅದೂ ತಲೆ ನೀರಿನೊಳಗಿದ್ದರೆ, ಹೇಗೋ ತೇಲುತ್ತದೆ. ಉಸಿರು ಬಿಟ್ಟೊಡನೆ ಇಳಿಯುತ್ತದೆ. ಸಮುದ್ರದಲ್ಲಾದರೆ ಉಪ್ಪುನೀರಿನ ದಯೆಯಿಂದ 17 ಲೀಟರ್ ಸಾಕು. ಇನ್ನು ಚಳಿಗಾಲಕ್ಕೆ ಮೊದಲು ಕರಡಿಯಂತೆ ಮೈ ತುಂಬಿಕೊಂಡು ಕೊಬ್ಬು ನೂರಕ್ಕೆ 25 ಪಾಲಾಗಿದ್ದರೆ, ಸಿಹಿನೀರಿನಲ್ಲೂ 12 ಲೀಟರ್ ಗಾಳಿಯಿಂದ ಆರಾಮವಾಗಿ ತೇಲುತ್ತದೆ. ಒಟ್ಟಿನಲ್ಲಿ ಸಾಸ್ಕ್ವಾಚ್ ಗೊರಿಲ್ಲಾದಂತೆ ಗಟ್ಟಿ ಮೈಯದೋ, ಕರಡಿಯಂತೆ ಕೊಬ್ಬಿದ್ದೋ ಎಂಬುದರ ಮೇಲೆ ಉತ್ತರವೇ ತಲೆಕೆಳಗಾಗುತ್ತದೆ.

ಕಾಣದ್ದನ್ನು ಹೀಗೆ ಲೆಕ್ಕದಲ್ಲಿ ತೇಲಿಸುವುದು ಹುಚ್ಚಾಟವೇನಲ್ಲ. ಜಿರಾಫೆ ಈಜಬಲ್ಲದೇ ಎಂಬ ಪ್ರಶ್ನೆಗೆ 2010ರಲ್ಲಿ ಇಬ್ಬರು ಸಂಶೋಧಕರು ಜಿರಾಫೆಯನ್ನು ನೀರಿಗೆ ದೂಡದೆ, ಕಂಪ್ಯೂಟರಿನಲ್ಲಿ ಅದರ ಮಾದರಿಯನ್ನು ತೇಲಿಸಿ ನೋಡಿ ಉತ್ತರ ಹುಡುಕಿದ್ದರು. ತೇಲುತ್ತದೆ, ಆದರೆ ಬಹಳ ಪರದಾಡುತ್ತದೆ ಎಂಬುದು ಅವರ ತೀರ್ಮಾನ.

ಅದು ಮನುಷ್ಯರ ಹಾಗೆ ಎರಡು ಕಾಲಲ್ಲಿ ನಡೆಯುತ್ತದಂತೆ. ಅದರಿಂದ ಈಜಲು ಅನುಕೂಲವೇ?

ಸ್ವಲ್ಪ ಅನುಕೂಲವೇ. ಚಿಂಪಾಂಜಿಯ ಮೈಭಾರ ಎದೆ ಮತ್ತು ತೋಳುಗಳಲ್ಲಿ ಹೆಚ್ಚು, ಕಾಲು ಗಿಡ್ಡ. ಹೀಗಾಗಿ ನೀರಿನಲ್ಲಿ ತಲೆಯ ಕಡೆ ವಾಲುತ್ತದೆ. ಉದ್ದ ಕಾಲಿನ, ನೆಟ್ಟಗೆ ನಡೆಯುವ ಪ್ರಾಣಿಯಲ್ಲಿ ಭಾರದ ಕೇಂದ್ರ ಕೆಳಗಿರುತ್ತದೆ, ಒದೆತಕ್ಕೂ ಬಲವಿರುತ್ತದೆ. ಅದಕ್ಕಿಂತ ದೊಡ್ಡ ಲಾಭವೆಂದರೆ ನಡೆದೇ ದಾಟಬಹುದಾದ ಆಳ ಹೆಚ್ಚುವುದು: ಎರಡೂಕಾಲು ಮೀಟರ್ ಎತ್ತರದ ಪ್ರಾಣಿಗೆ, ನಮ್ಮ ತಲೆ ಮುಳುಗುವ ಮಡು ಕುತ್ತಿಗೆಯವರೆಗೆ ಮಾತ್ರ ಬರುತ್ತದೆ.

ಮೈತುಂಬ ಕೂದಲಿದೆಯಲ್ಲ, ತಣ್ಣೀರು ಏನು ಮಾಡೀತು?

ಕೂದಲು ಬೆಚ್ಚಗಿಡುವುದು ಅದರ ನಡುವೆ ಹಿಡಿದಿಟ್ಟ ಗಾಳಿಯಿಂದ. ಕಡಲ ನೀರುನಾಯಿಯ ಚರ್ಮದ ಒಂದು ಚದರ ಸೆಂಟಿಮೀಟರಿನಲ್ಲಿ ಲಕ್ಷಕ್ಕೂ ಮೀರಿ ಕೂದಲಿರುವುದರಿಂದ ನೀರು ಒಳಗಿಳಿಯುವುದಿಲ್ಲ. ಮಹಾವಾನರಗಳಿಗೆ ಅಂಥ ದಟ್ಟವಾದ ಒಳತುಪ್ಪಳವಿಲ್ಲ. ಇರುವುದು ಉದ್ದವಾದ, ವಿರಳವಾದ ಕೂದಲು, ನೆನೆದರೆ ಮೈಗಂಟುತ್ತದೆ. ನೀರು ಗಾಳಿಗಿಂತ ಸುಮಾರು 25 ಪಟ್ಟು ವೇಗವಾಗಿ ಶಾಖ ಎಳೆದುಕೊಳ್ಳುತ್ತದೆ. ಬ್ರಿಟಿಷ್ ಕೊಲಂಬಿಯಾದ ಕರಾವಳಿಯಲ್ಲಿ, ರಭಸದ ಪ್ರವಾಹದಿಂದ ನೀರು ಮೇಲೆ ಕೆಳಗೆ ಕಲಸಿಹೋಗುವ ಇಕ್ಕಟ್ಟಾದ ಕಾಲುವೆಗಳಲ್ಲಿ ಬೇಸಿಗೆಯಲ್ಲೂ ಉಷ್ಣತೆ 10 ಡಿಗ್ರಿಯ ಆಸುಪಾಸಿನಲ್ಲಿರುತ್ತದೆ. ಅಂಥ ನೀರಿನಲ್ಲಿ ಮನುಷ್ಯನ ಕೈಕಾಲು ಹಿಡಿತದಲ್ಲಿರುವುದು ಹತ್ತು ನಿಮಿಷದಷ್ಟು ಮಾತ್ರ ಎನ್ನುತ್ತಾರೆ ಬಲ್ಲವರು. ಮೈ ದೊಡ್ಡದಾದಷ್ಟೂ ಶಾಖ ನಿಧಾನವಾಗಿ ಸೋರುವುದರಿಂದ ಸಾಸ್ಕ್ವಾಚ್‌ಗೆ ಇದಕ್ಕಿಂತ ಹೆಚ್ಚು ಹೊತ್ತು ಸಿಗುತ್ತಿತ್ತು. ಗಂಟೆಗಟ್ಟಲೆ ಸಿಗಬೇಕಾದರೆ ಮತ್ತೆ ಕೊಬ್ಬೇ ಬೇಕು.

## ನಕ್ಷೆಯ ಪ್ರಶ್ನೆಗಳು

ವ್ಯಾಂಕೂವರ್ ದ್ವೀಪದಲ್ಲೂ ಕಂಡಿದೆ ಅಂತಾರೆ. ಈಜದೆ ಅಲ್ಲಿಗೆ ಹೇಗೆ ಹೋಯಿತು?

ಈ ಪ್ರಶ್ನೆಗೆ ನಿಜವಾದ ತೂಕವಿದೆ. ವ್ಯಾಂಕೂವರ್ ದ್ವೀಪಕ್ಕೂ ಮುಖ್ಯಭೂಮಿಗೂ ನಡುವೆ, ಉತ್ತರದ ಕಡೆ, ಸಣ್ಣ ದ್ವೀಪಗಳು ಮೆಟ್ಟಿಲುಗಳಂತೆ ಸಾಲಾಗಿವೆ. ಒಂದೊಂದು ನೆಗೆತವೂ ಕೆಲವು ನೂರು ಮೀಟರಿನಿಂದ ಕೆಲವು ಕಿಲೋಮೀಟರು. ಇತ್ತೀಚಿನ ವರ್ಷಗಳಲ್ಲಿ ಗ್ರಿಜ್ಲಿ ಕರಡಿಗಳು ಈ ದಾರಿಯಲ್ಲೇ ಈಜಿ ವ್ಯಾಂಕೂವರ್ ದ್ವೀಪ ಮುಟ್ಟಿವೆ. ಇದೇ ಕರಾವಳಿಯ ತೋಳಗಳು ದ್ವೀಪದಿಂದ ದ್ವೀಪಕ್ಕೆ ಹತ್ತು ಕಿಲೋಮೀಟರಿಗೂ ಹೆಚ್ಚು ಈಜುತ್ತವೆ.

ಆದರೆ ದೂರವೊಂದೇ ಅಡ್ಡಿಯಲ್ಲ. ವ್ಯಾಂಕೂವರ್ ಮತ್ತು ಕ್ವಾಡ್ರಾ ದ್ವೀಪಗಳ ನಡುವಿನ ಸೀಮೋರ್ ನ್ಯಾರೋಸ್ ಸುಮಾರು 750 ಮೀಟರ್ ಅಗಲವಿದೆ, ಅಷ್ಟೇ. ಭರತ ಇಳಿತಗಳಲ್ಲಿ ಅಲ್ಲಿನ ನೀರು ಗಂಟೆಗೆ 25 ಕಿಲೋಮೀಟರಿಗೂ ಮೀರಿದ ವೇಗದಲ್ಲಿ ನುಗ್ಗಬಲ್ಲದು. ಮನುಷ್ಯರಲ್ಲಿ ಅತಿ ವೇಗದ ಈಜುಗಾರರಿಗೂ ಗಂಟೆಗೆ 8 ಕಿಲೋಮೀಟರ್ ದಾಟುವುದು ಕಷ್ಟ. (ಹಡಗುಗಳನ್ನು ನುಂಗುತ್ತಿದ್ದ ಅಲ್ಲಿನ ರಿಪಲ್ ರಾಕ್ ಎಂಬ ಮುಳುಗುಬಂಡೆಯನ್ನು 1958ರ ಏಪ್ರಿಲ್ 5ರಂದು ಸಿಡಿಮದ್ದಿಟ್ಟು ಒಡೆದರು. ಬ್ಲಫ್ ಕ್ರೀಕ್‌ನ ಹೆಜ್ಜೆಗಳು ಸುದ್ದಿಯಾದದ್ದೂ ಅದೇ ವರ್ಷ.) ಭರತ ತಿರುಗುವ ಮುನ್ನ ನೀರು ಕೆಲವು ನಿಮಿಷ ತಟಸ್ಥವಾಗುತ್ತದೆ. ಆ ಗಳಿಗೆಯನ್ನು ಅರಿತು ಇಳಿಯಬಲ್ಲ ಪ್ರಾಣಿಗೆ ದಾರಿ ತೆರೆದಿದೆ. ಅರಿಯದ್ದನ್ನು ಪ್ರವಾಹ ಎಲ್ಲಿಗೋ ಒಯ್ಯುತ್ತದೆ.

ಹೈಡಾ ಗ್ವಾಯ್ ದ್ವೀಪಸಮೂಹದ ಮಾತೇ ಬೇರೆ. ಅದನ್ನು ಮುಖ್ಯಭೂಮಿಯಿಂದ ಬೇರ್ಪಡಿಸುವ ಹೆಕೇಟ್ ಜಲಸಂಧಿ ಅತಿ ಕಿರಿದಾದಲ್ಲಿಯೂ ಐವತ್ತು ಕಿಲೋಮೀಟರಿನ ಹತ್ತಿರವಿದೆ. ಈಜುವುದರಲ್ಲಿ ಪಳಗಿದ ತೋಳವೇ ಅಲ್ಲಿ ನೆಲೆಸಿಲ್ಲ. ಅಲ್ಲಿಗೆ ಸಾಸ್ಕ್ವಾಚ್ ಈಜಿತೆಂದು ಹೇಳುವವರು ಮೊದಲು ತೋಳಕ್ಕೆ ಆಗದ್ದು ಇದಕ್ಕೆ ಹೇಗೆ ಆಯಿತೆಂದು ಹೇಳಬೇಕು.

ಫ್ಲಾರಿಡಾದ ಸ್ಕಂಕ್ ಏಪ್ ಜೌಗಿನಲ್ಲೇ ಇರುತ್ತದಂತೆ. ಅದಂತೂ ಈಜಲೇಬೇಕಲ್ಲ?

ಬೇಕಿಲ್ಲ. ಸಾಸ್ಕ್ವಾಚ್‌ನಂಥದೇ ಎಂದು ಹೇಳಲಾಗುವ ಈ ವಾನರ ಇರುತ್ತದೆನ್ನುವ ಎವರ್‌ಗ್ಲೇಡ್ಸ್ ಜೌಗುಪ್ರದೇಶದ ಹುಲ್ಲುಬಯಲಿನ ಬಹುಭಾಗದಲ್ಲಿ ನೀರು ಮೊಣಕಾಲಿನಿಂದ ಸೊಂಟದವರೆಗೆ, ಹರಿವು ಮಂದ. ಅಲ್ಲಿ ಬೇಕಾದದ್ದು ನೀರಲ್ಲಿ ನಡೆಯುವ ಅಭ್ಯಾಸ, ಜೊತೆಗೆ ಮೊಸಳೆ ಜಾತಿಯ ಆಲಿಗೇಟರ್‌ಗಳ ಕಣ್ಣು ತಪ್ಪಿಸುವ ಜಾಣತನ.

ಇದು ಜೈಗಾಂಟೋಪಿಥೆಕಸ್ ವಂಶದ್ದು ಅಂತಾರೆ. ಅದು ಏಷ್ಯಾದಿಂದ ಸಮುದ್ರ ಈಜಿಕೊಂಡು ಬಂತೇ?

ಈಜುವ ಅಗತ್ಯವಿರಲಿಲ್ಲ. ಹಿಮಯುಗಗಳಲ್ಲಿ ಸಮುದ್ರಮಟ್ಟ ಇಳಿದಾಗ ಬೇರಿಂಗ್ ಜಲಸಂಧಿ ಒಣನೆಲವಾಗಿತ್ತು. ಅನೇಕ ಪ್ರಾಣಿಗಳು ನಡೆದೇ ಬಂದವು. ತೊಡಕು ಇರುವುದು ಬೇರೆ ಕಡೆ. 1935ರಲ್ಲಿ ಹಾಂಗ್‌ಕಾಂಗಿನ ಔಷಧಿ ಅಂಗಡಿಯೊಂದರಲ್ಲಿ ಸಿಕ್ಕ ಹಲ್ಲಿನಿಂದ ಗುರುತಿಸಲಾದ ಈ ದೈತ್ಯವಾನರದ ಪಳೆಯುಳಿಕೆಗಳೆಂದರೆ ಕೆಲವು ದವಡೆಗಳು ಮತ್ತು ಬಿಡಿ ಹಲ್ಲುಗಳು ಮಾತ್ರ. ಅದು ಸುಮಾರು 2,95,000ದಿಂದ 2,15,000 ವರ್ಷಗಳ ನಡುವಿನ ಅವಧಿಯಲ್ಲಿ ದಕ್ಷಿಣ ಚೀನಾದ ಕಾಡುಗಳಲ್ಲಿ ಅಳಿದುಹೋಯಿತೆಂದು 2024ರ ಅಧ್ಯಯನ ತಿಳಿಸುತ್ತದೆ. ಹಲ್ಲು ನೋಡಿ ಈಜು ಹೇಳಲಾಗದು.

## ಸಾಕ್ಷ್ಯ, ಕತೆ, ತರ್ಕ

ಹೆಜ್ಜೆಗುರುತುಗಳು ಹೆಚ್ಚಾಗಿ ಹೊಳೆಯ ದಡದಲ್ಲೇ ಸಿಗುತ್ತವೆ. ಅದು ನೀರಿನ ಪ್ರಾಣಿ ಅನ್ನೋದಕ್ಕೆ ಇದೇ ಪುರಾವೆ ಅಲ್ಲವೇ?

ಪಾಚಿ, ತರಗೆಲೆ, ಬೇರುಗಳಿಂದ ತುಂಬಿದ ಕಾಡುನೆಲದಲ್ಲಿ ಆನೆ ನಡೆದರೂ ಗುರುತು ಸ್ಪಷ್ಟವಾಗಿ ಮೂಡುವುದಿಲ್ಲ. ಒದ್ದೆ ಮರಳಿನಲ್ಲಿ ಹಕ್ಕಿಯ ಕಾಲೂ ಅಚ್ಚೊತ್ತುತ್ತದೆ. ಮನುಷ್ಯರು ಓಡಾಡುವುದೂ ಹೊಳೆಯ ಬದಿಯಲ್ಲೇ. 1967ರ ಅಕ್ಟೋಬರ್ 20ರಂದು ರೋಜರ್ ಪ್ಯಾಟರ್ಸನ್ ಮತ್ತು ಬಾಬ್ ಗಿಮ್ಲಿನ್ ಅವರು ಸಾಸ್ಕ್ವಾಚ್‌ನದೆಂದು ತೋರಿಸಿದ ಪ್ರಸಿದ್ಧ ಚಿತ್ರಸುರುಳಿಯಲ್ಲಿ ಕಂಡ ಆಕೃತಿಯೂ ಬ್ಲಫ್ ಕ್ರೀಕ್‌ನ ಮರಳುದಂಡೆಯ ಮೇಲೆ ನಡೆದದ್ದು. ಆದರೆ ಅದು ನೀರಿನ ಕಡೆಗಲ್ಲ, ಮರಗಳ ಕಡೆಗೆ ಹೋಯಿತು.

ಅಲ್ಲಿನ ಮೂಲನಿವಾಸಿಗಳ ಕತೆಗಳಲ್ಲಿ ಈಜುವ ಕಾಡುಮನುಷ್ಯ ಇದ್ದಾನೆಯೇ?

ಅವರ ಕತೆಗಳಲ್ಲಿ ಕಾಡುಮನುಷ್ಯನಿಗೂ ನೀರಿಗೂ ಸಂಬಂಧವಿದೆ, ಆದರೆ ನಾವು ನಿರೀಕ್ಷಿಸುವ ಬಗೆಯಲ್ಲಿ ಅಲ್ಲ. ಕ್ವಾಕ್ವಾಕ್ಯವಕ್ವ ಜನರ ಬಕ್ವಸ್ ಎಂಬ ಕಾಡುಮನುಷ್ಯ ನೀರಿನಲ್ಲಿ ಮುಳುಗಿ ಸತ್ತವರ ಆತ್ಮಗಳ ಒಡನಾಡಿ. ಕಡಲತಡಿಯಲ್ಲಿ ಚಿಪ್ಪುಜೀವಿಗಳನ್ನು ಆಯ್ದು ತಿನ್ನುತ್ತಾನೆ, ಅವನು ಕೊಟ್ಟ ಆಹಾರ ತಿಂದವರು ಅವನಂತೆಯೇ ಆಗುತ್ತಾರೆ. ಹೈಡಾ ಜನರ ಗಗೀತ್ ಎಂಬವನು ಚಳಿಗಾಲದಲ್ಲಿ ದೋಣಿ ಮಗುಚಿ, ಸಾವಿನ ಅಂಚಿಗೆ ಹೋಗಿ, ಹೇಗೋ ದಡ ಸೇರಿ ಕಾಡುಪಾಲಾದ ಮನುಷ್ಯ. ಅವನ ಮುಖವಾಡದಲ್ಲಿ ತುಟಿಗಳ ಸುತ್ತ ಮುಳ್ಳುಗಳು ನೆಟ್ಟಿರುತ್ತವೆ. ಹಸಿವಿಗೆ ಮುಳ್ಳಿನ ಕಡಲಜೀವಿಗಳನ್ನು ಹಸಿಯಾಗಿ ತಿಂದ ಗುರುತು ಅದು. ಇವನ್ನು ಪ್ರಾಣಿಶಾಸ್ತ್ರದ ವರದಿಗಳಂತೆ ಓದುವುದು ಆ ಕತೆಗಳಿಗೆ ಮಾಡುವ ಅನ್ಯಾಯ. ಆದರೂ ಆ ತಣ್ಣೀರನ್ನು ದಿನನಿತ್ಯ ದಾಟುತ್ತಿದ್ದ ಜನರು ಕಾಡುಮನುಷ್ಯನನ್ನು ಈಜುವೀರನೆಂದು ಬಗೆಯದೆ, ನೀರಿನಿಂದ ಕಷ್ಟಪಟ್ಟು ಉಳಿದವನೆಂದು ಬಗೆದದ್ದು ನನ್ನ ಮನಸ್ಸಿನಲ್ಲಿ ಉಳಿದಿದೆ.

ಈಜುತ್ತದೆ ಅಂತ ಒಪ್ಪಿಕೊಂಡರೆ, ಇಷ್ಟು ವರ್ಷ ಯಾರ ಕೈಗೂ ಸಿಗದಿರುವುದಕ್ಕೆ ಕಾರಣ ಸಿಕ್ಕ ಹಾಗಾಯಿತಲ್ಲ?

ನನಗೆ ತದ್ವಿರುದ್ಧವಾಗಿ ಕಾಣುತ್ತದೆ. ಈಜು ಎಂಬುದು ಸಾಸ್ಕ್ವಾಚ್‌ನ ನಕ್ಷೆಗೆ ಹಾಕಿದ ತೇಪೆ. ನಕ್ಷೆಯ ಹರುಕನ್ನು ಮುಚ್ಚುತ್ತದೆ, ಸಾಕ್ಷ್ಯದ ಹರುಕನ್ನು ಹಿರಿದಾಗಿಸುತ್ತದೆ. ದಟ್ಟ ಕಾಡಿನಲ್ಲಿ ಇಪ್ಪತ್ತು ಹೆಜ್ಜೆ ದೂರದ ಪ್ರಾಣಿಯೂ ಕಾಣದಿರಬಹುದು. ಬಯಲು ನೀರಿನಲ್ಲಿ ತಲೆಯೊಂದು ಅರ್ಧ ಕಿಲೋಮೀಟರಿನಾಚೆಗೂ ಕಾಣುತ್ತದೆ. ಈ ಜಲಮಾರ್ಗಗಳಲ್ಲಿ ಮೀನುಗಾರರ ದೋಣಿ, ಫೆರಿ, ಪ್ರವಾಸಿ ಹಡಗುಗಳು ಹಗಲಿರುಳು ಓಡಾಡುತ್ತವೆ. ಈಜುವ ಪ್ರಾಣಿಗಳಲ್ಲಿ ಕೆಲವಾದರೂ ಮುಳುಗಿ ಸಾಯುತ್ತವೆ, ಅವುಗಳ ಹೆಣ ದಡಕ್ಕೆ ಬರುತ್ತದೆ. ತಲೆಮಾರುಗಳಿಂದ ಈಜುತ್ತಿರುವ ಪ್ರಾಣಿಯ ಒಂದು ಹೆಣವೂ ಸಿಗದಿರುವುದು, ಈಜದ ಪ್ರಾಣಿಯ ಹೆಣ ಸಿಗದಿರುವುದಕ್ಕಿಂತ ಹೆಚ್ಚು ಅನುಮಾನಾಸ್ಪದ.

ಇದರ ಜೊತೆಗೆ ಈಗ ಹೊಸದೊಂದು ವಿಧಾನವಿದೆ. ನೀರಿಗಿಳಿದ ಪ್ರಾಣಿ ಚರ್ಮದ ಕಣ, ಕೂದಲು, ಜೊಲ್ಲುಗಳನ್ನು ಬಿಟ್ಟು ಹೋಗುತ್ತದೆ. ಒಂದು ಬಾಟಲಿ ನೀರನ್ನು ಸೋಸಿ ಅದರಲ್ಲಿರುವ ಡಿಎನ್‌ಎಯಿಂದ ಯಾವ ಪ್ರಾಣಿಗಳು ಅಲ್ಲಿದ್ದವೆಂದು ಪತ್ತೆಮಾಡಬಹುದು. ಸ್ಕಾಟ್ಲೆಂಡಿನ ನೆಸ್ ಸರೋವರದಲ್ಲಿ 2018ರಲ್ಲಿ ಹೀಗೆ ನೀರು ತೆಗೆದು ಪರೀಕ್ಷಿಸಿದಾಗ, ಅಲ್ಲಿದೆಯೆಂದು ಹೇಳಲಾಗುವ ದೈತ್ಯ ಸರೀಸೃಪದ ಸುಳಿವು ಸಿಗಲಿಲ್ಲ, ಹಾವುಮೀನಿನ ಡಿಎನ್‌ಎ ಧಾರಾಳವಾಗಿ ಸಿಕ್ಕಿತು. ಅಂದಮೇಲೆ ಸಾಸ್ಕ್ವಾಚ್‌ಗೆ ಈಜು ಕಲಿಸುವವರು, ಅದನ್ನು ಹಿಡಿಯುವ ಬಲೆಯನ್ನೂ ತಾವೇ ಹೆಣೆದು ಕೊಡುತ್ತಿದ್ದಾರೆ.

ದೋಣಿಯಲ್ಲಿದ್ದವರು ಕಣ್ಣಾರೆ ನೋಡಿದ್ದೇವೆ ಅಂತಾರೆ. ಅವರೆಲ್ಲ ಸುಳ್ಳು ಹೇಳುತ್ತಾರೆಯೇ?

ಬಹುಪಾಲು ಮಂದಿ ಸುಳ್ಳು ಹೇಳುವುದಿಲ್ಲ. ಬ್ರಿಟಿಷ್ ಕೊಲಂಬಿಯಾ ಮತ್ತು ಅಲಾಸ್ಕಾ ಕರಾವಳಿಯಿಂದ ಇಂಥ ಹೇಳಿಕೆಗಳು ಬಂದಿವೆ, ಹೇಳಿದವರು ಏನನ್ನೋ ಕಂಡಿದ್ದಾರೆ. ಕಪ್ಪು ಕರಡಿಗಳು ಹೆಚ್ಚಿರುವ ರಾಜ್ಯ ಮತ್ತು ಪ್ರಾಂತ್ಯಗಳಲ್ಲಿ ಸಾಸ್ಕ್ವಾಚ್ ಕಂಡಿತೆಂಬ ವರದಿಗಳೂ ಹೆಚ್ಚು ಎಂದು 2024ರಲ್ಲಿ ಪ್ರಕಟವಾದ ಅಧ್ಯಯನವೊಂದು ತೋರಿಸಿದೆ. ನೀರಿನಲ್ಲಿ ಈ ಗೊಂದಲ ಇನ್ನೂ ಸುಲಭ, ಏಕೆಂದರೆ ಗುರುತಿಗೆ ನೆರವಾಗುವ ಮೈ ಪೂರ್ತಿ ಮುಳುಗಿರುತ್ತದೆ. ಈಜುವ ಕರಡಿಯ ತುಪ್ಪಳ ನೆನೆದು ತಲೆಗಂಟಿ, ಕಿವಿಗಳು ಹಿಂದಕ್ಕೆ ಮಡಿದು, ದೂರದಿಂದ ದುಂಡನೆಯ ಕಪ್ಪು ತಲೆಯೊಂದೇ ಕಾಣುತ್ತದೆ. ದಡದ ಹತ್ತಿರ ಕಾಲಿಗೆ ನೆಲ ಸಿಕ್ಕಾಗ ಅದು ಹಿಂಗಾಲ ಮೇಲೆದ್ದು ಸುತ್ತ ನೋಡುವುದೂ ಉಂಟು.

ಅಂಥದ್ದನ್ನು ಕಂಡರೆ ತಲೆಗಿಂತ ಅದರ ಇಕ್ಕೆಲವನ್ನು ನೋಡಬೇಕು. ಕರಡಿ, ಜಿಂಕೆ, ತೋಳ ಎಲ್ಲವೂ ಕಾಲುಗಳನ್ನು ಮೈಕೆಳಗೆ ಬಡಿಯುವುದರಿಂದ ತಲೆಯ ಅಕ್ಕಪಕ್ಕದ ನೀರು ನಯವಾಗಿಯೇ ಇರುತ್ತದೆ, ಹಿಂದೆ ಸಣ್ಣ ಗೆರೆಯೊಂದು ಎಳೆದಂತಿರುತ್ತದೆ. ಕೂಪರ್, ಸುರಿಯಾಗಳಂತೆ ಕಪ್ಪೆ ಈಜು ಈಜುವ ಪ್ರಾಣಿಯಾದರೆ ಕೈಕಾಲು ಎರಡೂ ಬದಿಗೆ ಅಗಲಿ, ತಲೆ ಪ್ರತಿ ಒದೆತಕ್ಕೂ ಒಮ್ಮೆ ಏಳುತ್ತ ಒಮ್ಮೆ ಇಳಿಯುತ್ತ ಸಾಗಬೇಕು. ದೋಣಿಯವರನ್ನು ನಾನು ಕೇಳಬಯಸುವ ಪ್ರಶ್ನೆ ಇದೊಂದೇ: ತಲೆ ಒಂದೇ ಮಟ್ಟದಲ್ಲಿ ಸಾಗಿತೋ, ಎದ್ದು ಬಿದ್ದು ಸಾಗಿತೋ?